ನಡುಗುವ ಕೈಗೊಂದು ಬ್ರಷ್

ಮೊದಲ ಏಟು ನೇರವಾಗಿ ಅವನ ಹಣೆಗೇ ಬಿತ್ತು!

ಹೊಡೆದವಳು ಅವಳು. ಹೊಡೆದದ್ದು ಚಿತ್ರ ಬಿಡಿಸೋ ಹಳೇ ಟ್ಯಾಬ್ಲೆಟ್‌ನಿಂದ. ಈಗ ಬರೋ ತೆಳ್ಳನೆಯದಲ್ಲ, ಮಣೆಯಷ್ಟು ದಪ್ಪ, ಎತ್ತೋಕೆ ಎರಡು ಕೈ ಬೇಕು. ಮಹಡಿ ಕೋಣೆಯ ಬಾಗಿಲ ಹಿಡಿ ಹೊರಗಿನಿಂದ ತಿರುಗಿದ್ದೇ ತಡ, ಅವಳು ಅದನ್ನು ಎತ್ತಿಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಒಂದು ತಲೆ ಒಳಗೆ ಬಂತು. ಬೀಸಿಯೇಬಿಟ್ಟಳು.

"ಅಮ್ಮಾ...!"

ಅವನು ಗೋಡೆಗೆ ಒರಗಿ ಹಾಗೇ ಜಾರಿ ಕೂತ. ಹಣೆಯಿಂದ ರಕ್ತ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿಯೋಕೆ ಶುರುವಾಯ್ತು. ಅವಳು ಇನ್ನೊಂದು ಏಟಿಗೆ ಟ್ಯಾಬ್ಲೆಟ್ ಎತ್ತಿದಳು.

"ಅಯ್ಯೋ ಬೇಡ, ಬೇಡ! ನಾನು... ನಾನು ಬೇಡಪ್ಪ!"

ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ಬೇಡಪ್ಪನಾ?! ಇವನಾ? ಇಲ್ಲಿಗೆ ಹೇಗೆ ಬಂದ?

ಈ ಬೇಡಪ್ಪ ಯಾರು ಅಂತ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ರೆ ನೀವೂ ಕಕ್ಕಾಬಿಕ್ಕಿ ಆಗ್ತೀರಿ.

ಒಂದು ಚಿತ್ರ ಬಿಡಿಸೋ ಸಾಫ್ಟ್‌ವೇರ್ ಇದೆ. ಅದಕ್ಕೆ ಮಾಲೀಕರಿಲ್ಲ, ಬೆಲೆಯಿಲ್ಲ. ಯಾರು ಬೇಕಾದರೂ ಅದರ ಹೊಟ್ಟೆ ಬಿಚ್ಚಿ ನೋಡಬಹುದು, ತಿದ್ದಬಹುದು. ಬೇರೆ ಬೇರೆ ಊರಲ್ಲಿ ಕೂತ ಹತ್ತಾರು ಜನ ಸಂಬಳ ಇಲ್ಲದೆ ಅದನ್ನ ಕಟ್ಟುತ್ತಾರೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಮೂರರಲ್ಲೂ ಅದು ಒಂದೇ ಥರ ಓಡಬೇಕು. ಆ ವಾರ ಅದರ ಹೊಸ ಆವೃತ್ತಿ ರಿಲೀಸ್ ಆಗೋದಿತ್ತು, ಇವನೇ ರಿಲೀಸ್ ಉಸ್ತುವಾರಿ. ಯಾರು ಏನು ಹೊಸದಾಗಿ ಬರೆದು ಕಳಿಸಿದರೂ ಇವನ ಮೊದಲ ಉತ್ತರ "ಬೇಡ". ಆಮೇಲೆ ಯಾಕೆ ಬೇಡ ಅಂತ ಅರ್ಧ ಸಾಲು. ಹಾಗಾಗಿ ಎಲ್ಲರ ಬಾಯಲ್ಲೂ ಬೇಡಪ್ಪ ಆದ.

ಆ ತಂಡದಲ್ಲಿ ಅವಳ ಹೆಸರು ಮೆಣಸು. ಅದು ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ದನಿ ಕೇಳಿರಲಿಲ್ಲ. ಆದರೆ ವರ್ಷಗಟ್ಟಲೆ ಬರಹದಲ್ಲೇ ಕಚ್ಚಾಡಿದ್ದರು.

"ಏನೇ ಅದು ಸದ್ದು?" ಅಂತ ಕೆಳಗಿನಿಂದ ಡ್ರಾಯಿಂಗ್ ಮೇಡಂ ಓಡಿ ಬಂದರು. ಕೆಳಗಿನ ಮನೆ ಅವರದು, ಅಲ್ಲೇ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡ್ತಾರೆ. ಮಹಡಿ ಕೋಣೆಯನ್ನು ಇವಳಿಗೆ ಬಿಟ್ಟುಕೊಟ್ಟವರೂ ಅವರೇ. ಅವರೂ ತಂಡದವರೇ, ಹೊಸ ಬ್ರಷ್ ಬಂದಾಗಲೆಲ್ಲ ಮೊದಲು ಹಿಡಿದು ನೋಡೋದು ಅವರು.

"ಮೇಡಂ... ಇವರು ಬೇಡಪ್ಪ ಅಂತೆ."

"ಅಯ್ಯೋ ನಿನ್ನ! ಬರೆದು ಬೈದಿದ್ದು ಸಾಲದು ಅಂತ ಮನೆಗೆ ಕರೆಸಿ ಹೊಡೀತಿದ್ದೀಯಾ?"

ಮೇಡಂ ನಕ್ಕರು. ಅವಳು ನಗಲಿಲ್ಲ. ಅವಳ ಬಲಗೈ ನಡುಗುತ್ತಲೇ ಇತ್ತು.

ಆ ಕೈಯನ್ನು ಸ್ವಲ್ಪ ನೋಡಿ. ತೋರುಬೆರಳು, ನಡುಬೆರಳು ಎರಡೂ ಸೊಟ್ಟ. ಗಂಟಿನ ಹತ್ತಿರ ಉಬ್ಬಿದೆ. ಪೆನ್ನು ಹಿಡಿದರೆ ಗೆರೆ ನೆಟ್ಟಗೆ ಬರಲ್ಲ.

ಅದು ಅಣ್ಣ ಕೊಟ್ಟ ಉಡುಗೊರೆ.

ಅಪ್ಪ ಅಮ್ಮ ಹೋದ ಮೇಲೆ ಅಣ್ಣನೇ ಅವಳನ್ನು ಸಾಕಿದ್ದ. ಅವನದು ಬ್ಯಾನರ್ ಅಂಗಡಿ. ಅಂಗಡಿ ಅವನದಾದರೂ ಚಿತ್ರವೆಲ್ಲ ತಂಗಿ ಇದೇ ಸಾಫ್ಟ್‌ವೇರಲ್ಲಿ ಬಿಡಿಸಿದ್ದು. ಊಟ ಹಾಕಿ, ಜಡೆ ಹೆಣೆದು ಬೆಳೆಸಿದವನೇ ಕೆಲಸ ತಡವಾದರೆ ಕಪಾಳಕ್ಕೆ ಬಿಡುತ್ತಿದ್ದ. ಒಂದು ದಿನ ಅವಳು ಧೈರ್ಯ ಮಾಡಿ, "ಅಣ್ಣಾ, ನಾನು ಬೇರೆ ಕಡೆ ಕೆಲಸಕ್ಕೆ ಹೋಗ್ತೀನಿ" ಅಂದಳು. ಅಂಗಡಿ ಮುಚ್ಚೋ ಹೊತ್ತು. ಅವಳ ಕೈ ಹೊಸ್ತಿಲ ಕಂಬಿಯ ಮೇಲಿತ್ತು, ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಅಣ್ಣ ಶಟರ್ ಎಳೆದ. ನೋಡಿಕೊಂಡೇ ಎಳೆದ.

ಆಮೇಲೆ ಅವನೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಗೊಳೋ ಅಂತ ಅತ್ತ. "ನಾನೇ ಸಾಕಿದ ಕೈ ಕಣೇ ಪುಟ್ಟಿ ಇದು... ನನ್ನ ಬಿಟ್ಟು ಹೇಗೆ ಹೋಗುತ್ತೆ?" ಅಂದ. ಆ ಮಾತು ಕೇಳಿ ಅವಳಿಗೆ ಶಟರ್‌ಗಿಂತ ಹೆಚ್ಚು ಭಯವಾಯ್ತು. ಪಟ್ಟಿ ಕಟ್ಟಿದ ಕೈಯಲ್ಲೇ ಆಸ್ಪತ್ರೆಯ ಹಿಂಬಾಗಿಲಿನಿಂದ ಓಡಿದ್ದಳು.

ಅವತ್ತಿನಿಂದ ಬಾಗಿಲು ಅಲುಗಿದರೆ ಸಾಕು, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾಳೆ. ಅಣ್ಣ ಹುಡುಕುತ್ತಿದ್ದಾನೆ ಅಂತ ಅವಳಿಗೆ ಗೊತ್ತು. ಸಿಕ್ಕರೆ ಈ ಸಲ ಬಿಡಲ್ಲ ಅಂತಲೂ ಗೊತ್ತು.

ಆ ನಡುಗೋ ಕೈಗಾಗಿಯೇ ಅವಳು ಆ ಸಾಫ್ಟ್‌ವೇರಿಗೆ ಒಂದು ಬ್ರಷ್ ಬರೆದಳು. ಕೈ ಎಷ್ಟೇ ನಡುಗಲಿ, ಗೆರೆಯನ್ನು ಹಿಡಿದು ನಡೆಸೋ ಬ್ರಷ್. "ಕೈಯಾಸರೆ" ಅಂತ ಹೆಸರಿಟ್ಟಳು. ಹೊಸ ಆವೃತ್ತಿಯಲ್ಲಿ ಜನ ಕಾಯುತ್ತಿದ್ದದ್ದೇ ಅದಕ್ಕೆ.

ಇನ್ನು ಇವತ್ತಿನ ರಂಪಕ್ಕೆ ಬರೋಣ. ವಿಂಡೋಸ್ ಪ್ಯಾಕೇಜ್, ಅಂದ್ರೆ ಜನ ಇಳಿಸಿಕೊಂಡು ಹಾಕಿಕೊಳ್ಳೋ ಫೈಲು, ಕಟ್ಟೋದು ಅವಳ ಪಾಲಿನ ಕೆಲಸ. ಅವಳ ಲ್ಯಾಪ್‌ಟಾಪ್ ಕೈಕೊಟ್ಟಿತ್ತು, ಹಾಗಾಗಿ ಮೇಡಂ ಕಂಪ್ಯೂಟರಿನಲ್ಲೇ ಕಟ್ಟಿ, ನಿನ್ನೆ ಸಂಜೆ ಪರೀಕ್ಷೆಗೆ ಅಂತ ಯಾರು ಬೇಕಾದರೂ ಇಳಿಸಿಕೊಳ್ಳೋ ಹಾಗೆ ಹಾಕಿದ್ದಳು. ಬೆಳಿಗ್ಗೆ ನೋಡಿದರೆ ಪ್ಯಾಕೇಜೇ ಇಲ್ಲ! ಅದರ ಜಾಗದಲ್ಲಿ ಬೇಡಪ್ಪನ ಒಂದೇ ಪದ: "ತೆಗೆದಿದ್ದೇನೆ."

ಯಾಕೆ ಅಂತ ಅರ್ಧ ಸಾಲೂ ಇಲ್ಲ.

ಅವಳಿಗೆ ಉರಿದುಹೋಗಿತ್ತು. ಅವನ ಖಾಸಗಿ ಸಂದೇಶಗಳು ಬರದ ಹಾಗೆ ಬ್ಲಾಕ್ ಮಾಡಿ ಎಸೆದಿದ್ದಳು.

ಈಗ ಅದೇ ಮನುಷ್ಯ ಕಣ್ಣೆದುರು ಕೂತಿದ್ದ. ಮೇಡಂ ಅವನ ಹಣೆಗೆ ಹತ್ತಿ ಒತ್ತಿ ಪಟ್ಟಿ ಸುತ್ತುತ್ತಿದ್ದರು. ಅವಳೊಳಗಿನ ಪಶ್ಚಾತ್ತಾಪ ಒಂದು ನಿಮಿಷ ಬಾಳಿತು, ಅಷ್ಟೇ.

"ನನ್ನ ಪ್ಯಾಕೇಜ್ ಯಾಕೆ ತೆಗೆದ್ರಿ?"

"ಅದು ಆಮೇಲೆ. ಮೊದಲು ನೀವು ಇಲ್ಲಿಂದ ಹೊರಡಿ."

"ಏನಂದ್ರಿ?"

"ಹೊರಡಿ ಅಂದೆ. ಈಗಲೇ. ನೀವು ಇಲ್ಲಿರೋ ಹಾಗಿಲ್ಲ."

ಅವಳಿಗೆ ಈಗ ಅರ್ಥವಾಯ್ತು. ತೆಗೆದದ್ದು ಪ್ಯಾಕೇಜ್ ಮಾತ್ರ ಅಲ್ಲ, ನನ್ನನ್ನೇ! ಅದನ್ನು ಹೇಳೋಕೆ ಇಷ್ಟು ದೂರ ಬಂದಿದ್ದಾನೆ! ಹೊರಡು, ಕೂರು, ಬರಿ, ಬಿಡು... ಎಲ್ಲ ಗಂಡಸರ ಬಾಯಲ್ಲೂ ಅಣ್ಣನ ಮಾತೇನಾ?

"ನನ್ನ ಕೆಲಸ ಕಿತ್ಕೊಂಡಿದ್ದು ಸಾಲ್ದು ಅಂತ ಮನೆಯಿಂದಾನೂ ಓಡಿಸೋಕೆ ಬಂದ್ರಾ?"

"ಅಲ್ಲ, ಕೇಳಿ ಇಲ್ಲಿ..." ಅವನು ಎದ್ದು ಅವಳ ತೋಳಿನ ಕಡೆ ಕೈ ಚಾಚಿದ.

ಫಟಾರ್!

ಕಪಾಳಕ್ಕೆ ಬಿಟ್ಟಳು. ಪಟ್ಟಿಯ ಕೆಳಗಿಂದ ರಕ್ತ ಮತ್ತೆ ಒಸರಿತು. ಅವನು ಕೆನ್ನೆ ಹಿಡಿದು ನಿಂತ. ಅವಳು ಚೀಲ ಎತ್ತಿಕೊಂಡು ದಡದಡ ಮೆಟ್ಟಿಲಿಳಿದಳು.

"ಮೇಡಂ, ತಡೀರಿ ಅವರನ್ನ!" ಅವನ ದನಿ ಒಡೆದುಹೋಗಿತ್ತು. "ಅವರಿಗೆ ಯಾರದೋ ಭಯ ಇದೆ ಅಲ್ವಾ? 'ನನ್ನ ಊರು, ಹೆಸರು ಎಲ್ಲೂ ಕಾಣಬಾರದು, ಯಾಕೆ ಅಂತ ಕೇಳಬೇಡಿ' ಅಂತ ಒಂದ್ಸಲ ನನಗೆ ಬರೆದಿದ್ರು. ನಾನು ಕೇಳಲಿಲ್ಲ, ಎಲ್ಲ ಅಳಿಸಿದೆ. ಇವತ್ತು ಬೆಳಗಿನ ಜಾವ ಅವರ ಪ್ಯಾಕೇಜಲ್ಲಿ ದೊಡ್ಡ ಬ್ಯಾನರ್ ಸೈಜಿನ ಚಿತ್ರ ತೆರೆದು ಗೆರೆ ಎಳೆದೆ. ಕ್ರ್ಯಾಶ್ ಆಯ್ತು. ತಪ್ಪು ತೋರಿಸೋ ಕಿಟಕೀಲಿ, ಅದನ್ನ ಕಟ್ಟಿದ ಕಂಪ್ಯೂಟರಿನ ಫೋಲ್ಡರ್ ದಾರಿ ಪೂರ್ತಿ ಬಂತು... ನಿಮ್ಮ ಕ್ಲಾಸಿನ ಹೆಸರು, ರಸ್ತೆ ಸಮೇತ! ಒಳಗೆ 'ಪುಟ್ಟಿ' ಅಂತ ಒಂದು ಫೋಲ್ಡರ್!"

ಮೇಡಂ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಕ್ಲಾಸಿನ ಹೆಸರು ರಸ್ತೆ ಸಮೇತ ಕಂಪ್ಯೂಟರಿಗೆ ಇಟ್ಟವರು ಅವರೇ. ಪುಟ್ಟಿ ಅಂತ ಫೋಲ್ಡರ್ ಮಾಡೋದು ಅವಳ ಅಂಗಡಿ ಕಾಲದ ಅಭ್ಯಾಸ. ಕಟ್ಟೋ ಅವಸರದಲ್ಲಿ ಆ ಗುರುತು ಅಳಿಸೋದನ್ನ ಮರೆತಿದ್ದಳು.

"ಎಲ್ಲರೂ ಓದೋ ಜಾಗದಲ್ಲಿ ಇದನ್ನ ಬರೆಯೋಕಾಗುತ್ತಾ ಮೇಡಂ? ಹುಡುಕೋರಿಗೆ ನಾನೇ ದಾರಿ ತೋರಿಸಿದ ಹಾಗೆ. ಮೊದಲು ಪ್ಯಾಕೇಜ್ ತೆಗೆದೆ, ಖಾಸಗಿಯಾಗಿ ಬರೆಯೋ ಹೊತ್ತಿಗೆ ಅವರು ನನ್ನನ್ನ ಬ್ಲಾಕ್ ಮಾಡಿಬಿಟ್ಟಿದ್ರು. ಅದಕ್ಕೇ ಸಿಕ್ಕ ಮೊದಲ ಬಸ್ಸು ಹತ್ತಿದೆ. ನಾನು ಆ ವಿಳಾಸ ಹಿಡಿದೇ ಬಂದಿದ್ದು. ಇನ್ನೊಬ್ಬರು ಬರಲ್ವಾ?"

"ಅವಳಣ್ಣನದು ಬ್ಯಾನರ್ ಅಂಗಡಿ ಕಣಪ್ಪಾ! ಅವನೂ ಇದನ್ನೇ ಬಳಸೋದು!" ಅಂತ ಮೇಡಂ ಚೀರಿದರು.

ಅಷ್ಟರಲ್ಲಿ ಕೆಳಗಿಂದ ಅವಳ ಕಿರುಚಾಟ ಕೇಳಿತು.

ಗೇಟಿನ ಎದುರೇ ಬಿಳಿ ವ್ಯಾನು ನಿಂತಿತ್ತು. ಅಣ್ಣ ಅದಕ್ಕೆ ಒರಗಿಕೊಂಡಿದ್ದ. ಅವನ ದನಿಯಲ್ಲಿ ಕೋಪವೇ ಇರಲಿಲ್ಲ.

"ಬಾ ಪುಟ್ಟಿ. ಊಟ ಆಯ್ತಾ?"

ಅವಳ ಕಾಲು ನೆಲಕ್ಕೆ ಅಂಟಿಹೋಯ್ತು. ಓಡು... ಓಡೇ! ಅಂತ ಮನಸ್ಸು ಕೂಗುತ್ತಿತ್ತು, ಕಾಲು ಕೇಳಲಿಲ್ಲ.

"ಎಷ್ಟು ಸೊರಗಿದ್ದೀಯೇ! ನಡಿ ಮನೆಗೆ."

"ಬರಲ್ಲ."

ಅಷ್ಟೇ. ಜಡೆ ಅವನ ಮುಷ್ಟಿಗೆ ಹೋಯ್ತು. ಅವಳು ಮಂಡಿಯೂರಿ ಬಿದ್ದಳು, ಟಾರು ರಸ್ತೆ ಚರ್ಮ ಕಿತ್ತಿತು. ಅವನು ಮೂಟೆ ಎಳೆದ ಹಾಗೆ ಎಳೆದ. ಅವಳು ಅವನ ಮಣಿಕಟ್ಟು ಕಚ್ಚಿದಳು. ಬೆನ್ನಿಗೆ ಒಂದು ಗುದ್ದು ಬಿತ್ತು, ಉಸಿರೇ ನಿಂತುಹೋಯ್ತು.

ಎದುರಿನ ಕಟಿಂಗ್ ಶಾಪಿನಿಂದ ಇಬ್ಬರು ಹೊರಗೆ ಬಂದರು.

"ನನ್ನ ತಂಗಿ ರೀ. ಮನೆ ವಿಷಯ. ನಿಮ್ಮ ಕೆಲಸ ನೋಡ್ಕೊಳ್ಳಿ!" ಅಂದ ಅಣ್ಣ.

ಇಬ್ಬರೂ ಅಲ್ಲೇ ನಿಂತರು. ಹೀಗೇ ನೋಡಿ ನಮ್ಮ ಜನ! ತಂಗಿ ಅಂದರೆ ಸಾಕು, ಕೊಂದರೂ ಮನೆ ವಿಷಯವೇ.

ಆಗ ಬಂದ ಬೇಡಪ್ಪ. ತಲೆಗೆ ಪಟ್ಟಿ, ಕಾಲಲ್ಲಿ ಒಂದೇ ಚಪ್ಪಲಿ. ಹುಟ್ಟಿದಾಗಿಂದ ಯಾರಿಗೂ ಒಂದೇಟು ಹೊಡೆದವನಲ್ಲ. ನೇರ ಹೋಗಿ ಅಣ್ಣನ ಸೊಂಟ ತಬ್ಬಿಕೊಂಡ.

"ಬಿಡ್ರೀ ಅವರನ್ನ!"

ಅಣ್ಣ ಅವನ ಮುಖಕ್ಕೆ ಮೊಣಕೈಯಿಂದ ಕುಟ್ಟಿದ. ಮೂಗಿನಿಂದ ರಕ್ತ ಚಿಮ್ಮಿತು. ಬಿಡಲಿಲ್ಲ. ಮತ್ತೆ ಕುಟ್ಟಿದ. ಬಿದ್ದ. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಅವನು ಕೆಮ್ಮುತ್ತಾ ಅಣ್ಣನ ಕಾಲನ್ನೇ ಅಪ್ಪಿಕೊಂಡ.

"ಯಾರೇ ಇವನು? ಇವನಿಗೋಸ್ಕರ ಬಿಟ್ಟು ಬಂದ್ಯಾ ನನ್ನ?"

ಕಾಲು ಝಾಡಿಸಿ ಬಿಡಿಸಿಕೊಂಡು ಅವಳನ್ನು ವ್ಯಾನಿನೊಳಕ್ಕೆ ನೂಕಿದ. ಅವಳ ಬಲಗೈ ಮಾತ್ರ ಹೊರಗೆ, ಬಾಗಿಲ ಕಂಬ ಹಿಡಿದುಕೊಂಡಿತ್ತು.

"ಕೈ ತೆಗಿ."

"ತೆಗಿಯಲ್ಲ..."

"ಒಂದ್ಸಲ ಬುದ್ಧಿ ಬರಲಿಲ್ವಾ ನಿನಗೆ? ಆ ಕೈ ನಂದು ಕಣೇ!"

ಅಣ್ಣ ಎರಡೂ ಕೈಯಲ್ಲಿ ಬಾಗಿಲನ್ನು ಹಿಂದಕ್ಕೆಳೆದು ಜೋರಾಗಿ ಸರಿಸಿದ.

ಅವಳು ಕಣ್ಣು ಮುಚ್ಚಿದಳು. ಶಟರಿನ ಆ ಸದ್ದು, ಆ ಮೂಳೆಯ ಸದ್ದು... ಮತ್ತೆ ಬಂತು. ಲಟಕ್!

ಆದರೆ ನೋವಾಗಲಿಲ್ಲ.

ಕಣ್ಣು ತೆರೆದಳು. ಅವಳ ಬೆರಳುಗಳ ಪಕ್ಕದಲ್ಲಿ ಇನ್ನೊಂದು ತೋಳು ಇತ್ತು. ಬಾಗಿಲು ಅದಕ್ಕೆ ಬಡಿದು ಅರ್ಧಕ್ಕೇ ನಿಂತಿತ್ತು. ತೋಳು ಬಾಗಬಾರದ ಕಡೆ ಬಾಗಿತ್ತು. ಬೇಡಪ್ಪ ಬಾಯಿ ತೆರೆದಿದ್ದ, ದನಿಯೇ ಹೊರಡುತ್ತಿರಲಿಲ್ಲ.

ಅವಳೊಳಗೆ ಏನೋ ಕಿತ್ತುಕೊಂಡು ಹೋಯ್ತು.

ಹುಟ್ಟಿದ ಮೇಲೆ ಅಣ್ಣನ ಮೇಲೆ ಅವಳು ಕೈ ಎತ್ತಿರಲಿಲ್ಲ. ವ್ಯಾನಿನಲ್ಲಿ ಬ್ಯಾನರ್ ಸುತ್ತೋ ಕಬ್ಬಿಣದ ಕೊಳವೆಗಳಿದ್ದವು. ಒಂದನ್ನು ಎಳೆದುಕೊಂಡು, ಬಾಗಿಲನ್ನು ಕಾಲಿನಿಂದ ಒದ್ದು ಹೊರಗೆ ಬಿದ್ದಳು. ಎದ್ದಳು. ಬೀಸಿದಳು.

ಮಂಡಿಗೆ ಬಿತ್ತು. ಅಣ್ಣ ಬುಡ ಕಡಿದ ಮರದ ಹಾಗೆ ಉರುಳಿದ. ಎರಡನೆಯದು ಭುಜಕ್ಕೆ. ಮೂರನೆಯದು ಬೆನ್ನಿಗೆ. ಅವನು ಅಂಗಾತ ಹೊರಳಿದ, ಬಲಗೈ ರಸ್ತೆಯ ಮೇಲೆ ಚಾಚಿತ್ತು.

ಅದೇ ಕೈ! ಶಟರ್ ಎಳೆದ ಕೈ!

ಕೊಳವೆಯನ್ನು ತಲೆಯ ಮೇಲಕ್ಕೆತ್ತಿದಳು. ಬೆರಳಿಗೆ ಬೆರಳು. ಮೂಳೆಗೆ ಮೂಳೆ. ಒಂದೇ ಏಟು ಸಾಕು. ಇವನೂ ಇನ್ನು ಯಾವತ್ತೂ ಲೋಟ ಹಿಡಿದು ನೀರು ಕುಡಿಯಬಾರದು!

"ಪುಟ್ಟೀ... ನಾನು ಕಣೇ... ನಿನ್ನಣ್ಣ..."

ಅವನ ಕಣ್ಣು ನೋಡಿದಳು. ಆ ಕಣ್ಣಲ್ಲಿದ್ದ ಭಯ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷ ಕನ್ನಡಿಯಲ್ಲಿ ಅದನ್ನೇ ನೋಡಿದ್ದಳು. ಆ ಭಯ ನೋಡೋಕೆ ಒಂದು ಗಳಿಗೆ ಹಿತವಾಯ್ತು. ಹಿತವಾಯ್ತು ಅಂತ ಗೊತ್ತಾಗಿದ್ದೇ ತಡ, ಅವಳಿಗೆ ತನ್ನ ಮೇಲೇ ಭಯವಾಯ್ತು.

ಅಣ್ಣನಿಗೂ ಹೀಗೇ ಹಿತವಾಗ್ತಿತ್ತಾ?

ಕೊಳವೆಯನ್ನು ಮೆಲ್ಲಗೆ ಇಳಿಸಿದಳು. ಕೆಳಗಿಡಲಿಲ್ಲ, ಇಳಿಸಿದಳು.

"ಮೇಡಂ, ಪೊಲೀಸರಿಗೆ ಫೋನ್ ಮಾಡಿ," ಅಂದಳು. ಆಮೇಲೆ ಕಟಿಂಗ್ ಶಾಪಿನವರ ಕಡೆ ತಿರುಗಿ, "ಇದು ಮನೆ ವಿಷಯ ಅಲ್ಲ. ನೀವು ನೋಡಿದ್ದನ್ನ ಹೇಳಬೇಕು," ಅಂದಳು. ಅವರು ತಲೆ ತಗ್ಗಿಸಿ ಹೂಂ ಅಂದರು.

ಠಾಣೆಯಲ್ಲಿ ಸಾಹೇಬರು, "ಒಡಹುಟ್ಟಿದವನಲ್ವೇನಮ್ಮಾ? ರಾಜಿ ಮಾಡ್ಕೊಂಡ್ರೆ..." ಅಂತ ರಾಗ ಎಳೆದರು.

"ಇಲ್ಲ ಸರ್. ಬರ್ಕೊಳ್ಳಿ. ಶಟರ್‌ನಿಂದ ಶುರು ಮಾಡ್ತೀನಿ."

ಪೂರ್ತಿ ಹೇಳಿದಳು. ಹೊರಗೆ ಬಂದು ಮೇಡಂ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. "ನನಗೆ ತುತ್ತು ಕೊಟ್ಟವನು ಮೇಡಂ ಅವನು..." ಮೇಡಂ ಬೆನ್ನು ಸವರಿದರು.

ಆಸ್ಪತ್ರೆಯಲ್ಲಿ ಬೇಡಪ್ಪನಿಗೆ ಮೊಣಕೈಯಿಂದ ಬೆರಳ ತನಕ ಪ್ಲಾಸ್ಟರ್ ಕಟ್ಟು. ಹಣೆಗೆ ಹೊಲಿಗೆ. ಮೂಗು ಬದನೆಕಾಯಿ ಥರ ಊದಿತ್ತು. ಅವನು ಕೇಳಿದ ಮೊದಲ ಮಾತೇನು ಗೊತ್ತಾ?

"ಆ ಕ್ರ್ಯಾಶ್ ಯಾಕಾಯ್ತು, ನೋಡಿದ್ರಾ?"

"ರೀ, ನಿಮಗೆ ತಲೆ ಸರಿ ಇದೆಯಾ?!"

"ನೀವೇ ಹೊಡೆದಿದ್ದಲ್ವಾ... ನೀವೇ ಹೇಳಬೇಕು."

ಅವಳಿಗೆ ನಗು ಬಂತು, ಜೊತೆಗೇ ಅಳು ಬಂತು, ಎರಡನ್ನೂ ತಡೆಯೋಕಾಗದೆ ಮುಖ ಮುಚ್ಚಿಕೊಂಡಳು.

ಮಂಚದ ಪಕ್ಕದ ಸ್ಟೂಲು, ರಿಪೇರಿಯಾಗಿ ಬಂದ ಲ್ಯಾಪ್‌ಟಾಪು, ಅದೇ ಅವಳ ಆಫೀಸಾಯ್ತು. ಬ್ಯಾನರಿನಷ್ಟು ದೊಡ್ಡ ಚಿತ್ರಕ್ಕೆ ಕೈಯಾಸರೆ ಬ್ರಷ್ ಅತಿಯಾಗಿ ಮೆಮೊರಿ ಕೇಳುತ್ತಿತ್ತು, ಸಿಗದಿದ್ದಾಗ ಎಲ್ಲ ಕುಸಿಯುತ್ತಿತ್ತು. ಅಷ್ಟು ದೊಡ್ಡ ಚಿತ್ರ ಮುಟ್ಟೋಕೇ ಅವಳಿಗೆ ಭಯ, ಅಂಗಡಿ ನೆನಪಾಗುತ್ತೆ. ಅದಕ್ಕೇ ಪರೀಕ್ಷೆ ಮಾಡಿರಲಿಲ್ಲ. ಈಗ ಮಾಡಿದಳು. ತಿದ್ದಿದಳು. ಫೋಲ್ಡರ್ ಗುರುತು ಒಂದೂ ಉಳಿಯದ ಹಾಗೆ ಪ್ಯಾಕೇಜನ್ನು ಹೊಸದಾಗಿ ಕಟ್ಟಿದಳು. ಉಳಿದ ಎರಡು ಪ್ಯಾಕೇಜುಗಳು ಬೇರೆ ಊರುಗಳಿಂದ ಬಂದವು. ಮೇಡಂ ಮೂರು ಥರದ ಕಂಪ್ಯೂಟರಿನಲ್ಲೂ ಗೆರೆ ಎಳೆದು ನೋಡಿ, "ಓಡ್ತಿದೆ ಕಣೇ, ಕುದುರೆ ಥರ ಓಡ್ತಿದೆ!" ಅಂತ ಫೋನಿನಲ್ಲಿ ಕೂಗಿದರು.

ಇನ್ನು ಉಳಿದದ್ದು ಅವನ ಮುದ್ರೆ. ಪ್ಯಾಕೇಜ್ ಅಸಲಿ ಅಂತ ಉಸ್ತುವಾರಿ ತನ್ನ ಗುಪ್ತಪದ ಹಾಕಿ ಒಪ್ಪಿಗೆ ಕೊಟ್ಟ ಮೇಲೇ ರಿಲೀಸ್. ಒಬ್ಬರ ಗುಪ್ತಪದ ಇನ್ನೊಬ್ಬರು ನೋಡೋ ಹಾಗಿಲ್ಲ, ಅದು ತಂಡದ ನಿಯಮ.

ಅವನು ಎಡಗೈಯ ಒಂದೇ ಬೆರಳಿನಿಂದ ಒತ್ತೋಕೆ ಶುರು ಮಾಡಿದ. ತಪ್ಪಾಯ್ತು. ಮತ್ತೆ ಒತ್ತಿದ. ಮತ್ತೆ ತಪ್ಪು.

"ನಾನು ಹೇಳ್ತೀನಿ, ನೀವೇ ಒತ್ತಿಬಿಡಿ," ಅಂದ.

"ಆಗಲ್ಲ. ನಿಯಮ ನಿಯಮವೇ."

"ನೀವು ನೋಡಿದ್ರೆ ಪರವಾಗಿಲ್ಲ ನನಗೆ."

"ನನಗೆ ಪರವಾ ಇದೆ ರೀ. ನೀವೇ ಒತ್ತಿ. ನಾನು ಕಾಯ್ತೀನಿ." ಅವಳು ಕಿಟಕಿ ಕಡೆ ತಿರುಗಿ ಕೂತಳು.

ತುಂಬಾ ಹೊತ್ತು ಹಿಡಿಯಿತು. ಕೊನೆಗೆ, "ಹೋಯ್ತು," ಅಂದ.

ಅಷ್ಟೇ. ಪಟಾಕಿ ಇಲ್ಲ, ಚಪ್ಪಾಳೆ ಇಲ್ಲ. ಎಲ್ಲೆಲ್ಲೋ ಕೂತಿರೋ ಯಾರ್ಯಾರದೋ ನಡುಗೋ ಕೈಗೆ ಅವಳ ಬ್ರಷ್ ಹೊರಟಿತು.

ಅವಳು ತಿರುಗಲಿಲ್ಲ. ಹೆಗಲು ಅಲುಗುತ್ತಿತ್ತು.

"ಅಳ್ತಿದ್ದೀರಾ?"

"ನಿಮಗೆ ಎರಡು ಸಲ ಹೊಡೆದೆ ನಾನು."

"ಲೆಕ್ಕ ಇಟ್ಟಿಲ್ಲ."

"ತಮಾಷೆ ಬೇಡ. ಅವತ್ತು ಕೊಳವೆ ಹಿಡಿದಾಗ ನನಗೆ ಖುಷಿ ಆಯ್ತು ರೀ... ಅಣ್ಣ ನನ್ನ ಕೈಯೊಳಗೇ ಕೂತಿದ್ದಾನೆ. ಇಂಥವಳ ಹತ್ತಿರ ಯಾರು ತಾನೇ ಇರ್ತಾರೆ?"

ಅವನು ತುಂಬಾ ಮಾತಾಡುವವನಲ್ಲ. ಅವತ್ತು ಮಾತಾಡಿದ.

"ನಿಮ್ಮಣ್ಣ ಎತ್ತಿದ ಕೈನ ಯಾವತ್ತಾದ್ರೂ ಇಳಿಸಿದ್ದಾನಾ?"

"...ಇಲ್ಲ."

"ನೀವು ಇಳಿಸಿದ್ರಿ. ನಾನು ಬಿದ್ದಲ್ಲಿಂದಲೇ ನೋಡ್ತಿದ್ದೆ. ಯಾರೂ ಹೇಳಲಿಲ್ಲ ನಿಮಗೆ, ನೀವಾಗೇ ಇಳಿಸಿದ್ರಿ. ನನಗೆ ನಿಮ್ಮನ್ನ ಕಂಡ್ರೆ ಮೊದಲಿಂದಲೂ ಇಷ್ಟ. ನಿಮ್ಮ ಬೈಗುಳ ಬರದ ದಿನ ನನಗೆ ಕೆಲಸಾನೇ ಓಡಲ್ಲ. ಆದರೆ ಅವತ್ತು ಆ ರಸ್ತೇಲಿ ಬಿದ್ಕೊಂಡು ತೀರ್ಮಾನ ಮಾಡಿದೆ, ಇದನ್ನ ಹೇಳದೆ ಸಾಯಬಾರದು ಅಂತ."

ಅವಳು ತಿರುಗಿದಳು. ಕಣ್ಣು ಕೆಂಪಾಗಿತ್ತು.

"ಇನ್ನೊಂದು ದಿನ ಕೋಪ ಬಂದು ನಾನು ಮತ್ತೆ ಹೊಡೆದ್ರೆ?"

ಸಿನಿಮಾ ಹೀರೋ ಆಗಿದ್ದರೆ, ನಿಮ್ಮ ಏಟೂ ನನಗೆ ಹೂವು ಅಂತಿದ್ದ. ಇವನು ಸ್ವಲ್ಪ ಯೋಚಿಸಿದ.

"ಎದ್ದು ಹೋಗ್ತೀನಿ."

"ಹೋಗ್ತೀರಾ?"

"ಹೋಗ್ತೀನಿ. ಪ್ರೀತಿ ಇದೆ ಅಂತ ಏಟು ತಿಂದ್ಕೊಂಡು ಇರೋಕಾಗಲ್ಲ. ನೀವು ಹಾಗೆ ಎಷ್ಟು ವರ್ಷ ಇದ್ರಿ ಅಂತ ನನಗೆ ಗೊತ್ತಾಯ್ತು. ಇನ್ನು ನೀವೂ ಇರಬಾರದು, ನಾನೂ ಇರಲ್ಲ."

ಅವಳು ಅವನನ್ನೇ ನೋಡಿದಳು. ಬಿಡಲ್ಲ, ಬಿಡಲ್ಲ ಅಂದವರನ್ನು ನೋಡಿ ಸಾಕಾಗಿತ್ತು ಅವಳಿಗೆ. ಎದ್ದು ಹೋಗ್ತೀನಿ ಅನ್ನೋ ಮನುಷ್ಯನ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಹಾಕಿ ನಿದ್ದೆ ಮಾಡಬಹುದು ಅನ್ನಿಸಿತು. ಎದೆ ಹಗುರಾಯ್ತು.

ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದಳು. ತನ್ನ ಸೊಟ್ಟ ಬೆರಳುಗಳನ್ನು ಅವನ ಕಟ್ಟಿನಿಂದ ಇಣುಕುತ್ತಿದ್ದ ಬೆರಳುಗಳ ಮೇಲಿಟ್ಟಳು.

"ನೋವಾಗ್ತಿದೆಯಾ?"

"ತುಂಬಾ."

"ಕೈ ತೆಗೀಲಾ?"

"ನಿಮ್ಮ ಕೈಯಿಂದಲ್ಲ ಆ ನೋವು. ಇರಲಿ."

"ಹೊಡೆಯಲ್ಲ. ಇನ್ಯಾವತ್ತೂ ಹೊಡೆಯಲ್ಲ. ಇರ್ತೀಯಾ?"

"ಇರ್ತೀನಿ ಕಣೇ," ಅಂದ.